ಹಿರಿಯರ ನಾಲಗೆಯ ಗಾದೆಗಳು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಹೊಸೂರು ಸೀಮೆಯು 1965ರವರೆಗೆ ಸೇಲಂ ಜಿಲ್ಲೆಗೆ ಸೇರಿದ್ದಿತು. ಅನಂತರ ಧರ್ಮಪುರಿಗೆ ಸೇರಿತು. 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಕಾಗದದ ಮೇಲಿನ ವಿಳಾಸವು ಹೀಗೆ ಬದಲಾಗುತ್ತ ಬಂದರೂ ಅಜ್ಜ ಅಜ್ಜಿಯರ ಗಾದೆಗಳು ಬದಲಾಗಲಿಲ್ಲ. ಅವುಗಳನ್ನು ಕುರಿತು ಎರಡು ಮಾತು ಬಿನ್ನವಿಸಿಕೊಳ್ಳುತ್ತೇನೆ.

ಗಡಿನಾಡಿನಲ್ಲಿ ಗಾದೆಯು ಒಂದೇ ನುಡಿಯ ಸೊತ್ತಲ್ಲ. ಮೊಂಡು ಹುಡುಗನನ್ನು ಕಂಡು ನಾವು ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎನ್ನುತ್ತೇವೆ. ನೆರೆಯ ತೆಲುಗರು ‘ಮೊಕ್ಕೈ ವಂಗನಿದಿ ಮಾನೈ ವಂಗುನಾ’ ಎನ್ನುತ್ತಾರೆ. ಅದೇ ಗಿಡ, ಅದೇ ಮರ. ತಮಿಳರು ‘ಐಂದಿಲ್ ವಳೈಯಾದದು ಐಂಬದಿಲ್ ವಳೈಯುಮಾ’ ಎಂದು ಐದು, ಐವತ್ತರ ವಯಸ್ಸಿನ ಲೆಕ್ಕ ಹಿಡಿಯುತ್ತಾರೆ. ಮೂರನ್ನೂ ಕೇಳಿ ಬೆಳೆಯುವ ಮಗುವಿಗೆ ಇದು ಲಾಭವೇ ಹೊರತು ನಷ್ಟವಲ್ಲ.

ಆದರೆ ಕೆಲವು ಗಾದೆಗಳಿಗೆ ನುಡಿಯೊಂದೇ ಸಾಲದು, ಹೊಲವೂ ಬೇಕು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬುದನ್ನು ನೋಡಿರಿ. ಏಪ್ರಿಲ್ ಕೊನೆಯಿಂದ ಸುಮಾರು ಎರಡು ವಾರ ಸೂರ್ಯನು ಭರಣಿ ನಕ್ಷತ್ರದಲ್ಲಿರುವನು. ಆಗ ಬೀಳುವ ಮಳೆಗೆ ನೆಲ ಮೆತ್ತಗಾಗಿ ನೇಗಿಲಿಗೆ ಒಗ್ಗುವುದು. ಹೊಲವಿದ್ದ ಕಡೆ ಕಾರ್ಖಾನೆಗಳೆದ್ದಿರುವ ಇಂದು, ಈಗ ಹುಯ್ಯುತ್ತಿರುವುದು ಯಾವ ಮಳೆಯೆಂದು ಎಷ್ಟು ಮಕ್ಕಳು ಬಲ್ಲರು?

ಗಾದೆಗಳು ಪುಸ್ತಕದಲ್ಲಿವೆಯಲ್ಲ ಎಂದು ಕೇಳಬಹುದು. ಉಂಟು, 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿಯೇ ಎಷ್ಟೋ ಗಾದೆಗಳಿವೆ. ಆದರೆ ಪುಸ್ತಕವು ಮಾತನ್ನು ಕಾಪಾಡೀತು, ಸಮಯವನ್ನು ಕಾಪಾಡಲಾರದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಮದುವೆಗಾಗಿ ಸಾಲಕ್ಕೆ ಹೊರಟ ಮಗನಿಗೆ ಹೇಳಿದರೆ ಅದು ಬುದ್ಧಿವಾದ. ಮನೆಗೆ ಬಂದ ಬಡ ನೆಂಟನಿಗೆ ಹೇಳಿದರೆ ಅವಮಾನ. ಈ ವಿವೇಕವನ್ನು ಕಲಿಸುವವರು ಹಿರಿಯರು.

2006ರ ಕಾನೂನಿನ ಮೇರೆಗೆ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ತಮಿಳನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಆದರೆ ಅಜ್ಜಿಯ ಮಾತನ್ನು ಯಾವ ಶಾಲೆಯೂ ಪೂರ್ತಿ ಕಲಿಸಲಾರದು. ಅದು ಮನೆಯ ಹೊಣೆ.

ಆದುದರಿಂದ ನನ್ನ ಪ್ರಾರ್ಥನೆ ಇಷ್ಟೆ. ಮನೆಗೊಂದು ಪುಸ್ತಕವಿಡಿರಿ. ಗಾದೆಯ ಜೊತೆಗೆ ಅದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರೆಂಬುದನ್ನೂ ಮಕ್ಕಳ ಕೈಯಿಂದಲೇ ಬರೆಯಿಸಿರಿ. ಬರೆದಿಟ್ಟು ಸುಮ್ಮನಾಗದೆ, ಸಮಯ ಬಂದಾಗ ನೀವೂ ಆಡಿರಿ. ಮಕ್ಕಳು ಇನ್ನೂ ಗಿಡವಾಗಿದ್ದಾರೆ. ಕಲಿಸಲು ಇದೇ ಕಾಲ.