ಗಡಿನಾಡ ಶಾಲೆಯಲ್ಲಿ ಗುರುಶಿಷ್ಯರ ವಿಶ್ವಾಸ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪಾಲಮಲೆಯ ತಪ್ಪಲಿನಲ್ಲಿ ಸೇರಿರುವ ಈ ಸಭೆಯಲ್ಲಿ ಗುರುಶಿಷ್ಯರ ಪರಸ್ಪರ ವಿಶ್ವಾಸವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ನಮಗೆ ಅಪ್ಪಣೆಮಾಡಿರುವರು. ವಿಷಯವೇನೋ ಹಳೆಯದು. ಗುರುಕುಲದ ಮಹಿಮೆಯನ್ನು ಹೊಗಳಿ, ನಡುನಡುವೆ ಒಂದೆರಡು ಸುಭಾಷಿತಗಳನ್ನು ಸೇರಿಸಿ, ಅರ್ಧ ಗಂಟೆಯನ್ನು ಕಳೆಯುವುದು ಪಂಡಿತರಿಗೆ ಕಷ್ಟವಲ್ಲ. ಆದರೆ ಎದುರಿಗೆ ಕುಳಿತವರಲ್ಲಿ ನಮ್ಮ ಕೈಯಲ್ಲಿ ಕಲಿತವರೂ ಕೆಲವರು ಕಾಣುತ್ತಿರುವರು. ಅವರ ಮುಂದೆ ಸುಭಾಷಿತದ ಮರೆಯಲ್ಲಿ ಅಡಗಿಕೊಳ್ಳಲು ಮನಸ್ಸೊಪ್ಪದು. ಆದಕಾರಣ ನಮ್ಮಿಂದಲೇ ನಡೆದ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳುವೆವು.

ಅದಕ್ಕೆ ಮೊದಲು ಈ ಸೀಮೆಯ ಸ್ಥಿತಿಯನ್ನು ನೆನೆಯಬೇಕು. ನಮ್ಮೆದುರಿಗೆ ಮೆಟ್ಟೂರಿನ ಜಲಾಶಯ. 1934ರಲ್ಲಿ ಅದರ ಕಟ್ಟೆ ಮುಗಿದು ನೀರು ನಿಂತಾಗ ಕಾವೇರಿಯ ದಡದ ಹಳ್ಳಿಗಳು ಮುಳುಗಿ, ಜನರು ನೆಲೆ ಬದಲಿಸಬೇಕಾಯಿತು. ಪಾಲಮಲೆಯ ಮೇಲೆ ಸಿದ್ಧೇಶ್ವರನಿರುವನು. ಪಾಲಾರಿನ ಆಚೆಗೆ ಮಾದಪ್ಪನ ಬೆಟ್ಟ. 1956ರ ನವೆಂಬರ್ 1ರವರೆಗೆ ಆಚೆಯ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಗಡಿಯ ಗೆರೆ ಆಮೇಲೆ ಬಂದುದು. ಹೆಣ್ಣು ಕೊಡುವ ತರುವ ಸಂಬಂಧವೂ ಮಾದಪ್ಪನ ಹರಕೆಯೂ ಅದಕ್ಕಿಂತ ಹಿಂದಿನವು. ಹೀಗಿರಲು ಇಲ್ಲಿಯ ಕನ್ನಡ ಮನೆಯ ಮಗುವಿಗೆ ಮೂರು ನುಡಿಗಳು: ಒಲೆಯ ಮುಂದಿನ ಕನ್ನಡ, ಸಂತೆಯ ತಮಿಳು, ಶಾಲೆಯ ಪುಸ್ತಕದ ಕನ್ನಡ. ಈ ಮೂರರಲ್ಲಿ ಮಗುವಿಗೆ ಹೆಚ್ಚು ಪರಕೀಯವಾದುದು ಮೂರನೆಯದು. ಇದನ್ನರಿಯುವುದಕ್ಕೆ ವಿದ್ವಾನ್ ಪರೀಕ್ಷೆ ಮಾಡಿದ ನಮಗೆ ಹನ್ನೆರಡು ವರ್ಷಗಳ ಅಧ್ಯಾಪಕವೃತ್ತಿ ಬೇಕಾಯಿತು.

ಈ ಸೀಮೆಯದೇ ಒಂದು ಪ್ರೌಢಶಾಲೆ; ಒಂಬತ್ತನೆಯ ತರಗತಿ. ‘ನಮ್ಮ ಮನೆಯ ಬೆಳಗು’ ಎಂಬ ಪ್ರಬಂಧವನ್ನು ಬರೆಯಿಸಿದ್ದೆವು. ಮಲೆಯ ಬುಡದ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬನು, ‘ಅವ್ವ ಕೂಳಿಕ್ಕಿದಳು. ಉಂಡು ಬಸ್ಸಿಗೆ ಬಂದೆ’ ಎಂದು ಬರೆದಿದ್ದನು. ನಾವು ಕೆಂಪು ಮಸಿಯಿಂದ ಗೀಟೆಳೆದು ‘ಊಟ ಬಡಿಸಿದಳು’ ಎಂದು ತಿದ್ದಿದೆವು. ಅಷ್ಟಕ್ಕೇ ಬಿಟ್ಟಿದ್ದರೆ ಮಾತು ಮುಗಿಯುತ್ತಿತ್ತು. ಬಿಡಲಿಲ್ಲ. ಆ ವಾಕ್ಯವನ್ನು ತರಗತಿಗೆಲ್ಲ ಕೇಳುವಂತೆ ಓದಿ, ‘ಕೂಳೆಂಬುದು ಬೈಗುಳದ ಮಾತಲ್ಲವೇನಯ್ಯ? ನಿಮ್ಮವ್ವ ನಿನಗೆ ಅನ್ನವಿಕ್ಕಿದಳೋ, ಬೈದಳೋ?’ ಎಂದೆವು. ಹುಡುಗರು ನಕ್ಕರು. ನಾವೂ ನಕ್ಕೆವು. ಅವನು ಮಾತ್ರ ಪುಸ್ತಕವನ್ನು ಮುಚ್ಚಿ ಕೈಕಟ್ಟಿ ಕುಳಿತನು.

ಅಂದಿನಿಂದ ಅವನು ಕನ್ನಡದ ಅವಧಿಯಲ್ಲಿ ಬಾಯಿಬಿಡಲಿಲ್ಲ. ಏನು ಕೇಳಿದರೂ ‘ತೆರಿಯಾದು ಸಾರ್’ ಎಂದು ತಮಿಳಿನಲ್ಲಿ ಉತ್ತರ. ಉದ್ಧಟತನವೆಂದೇ ನಾವು ತಿಳಿದೆವು. ಒಂದು ತಿಂಗಳ ಮೇಲೆ ಅವನ ತಾಯಿ, ಮಗನನ್ನು ತಮಿಳು ವಿಭಾಗಕ್ಕೆ ಸೇರಿಸಬೇಕೆಂಬ ಅರ್ಜಿಯನ್ನು ಹಿಡಿದು ಬಂದರು. ಕಾರಣವನ್ನು ಕೇಳಿದೆವು. ಆ ತಾಯಿ ಕೋಪಮಾಡಲಿಲ್ಲ. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ‘ನಮ್ಮನೆ ಮಾತು ತೆಪ್ಪು ಅಂದ್ರಂತಲ್ಲ ಮೇಷ್ಟ್ರೇ. ಹಂಗಾದ್ರೆ ಇವನಿಗೆ ಇನ್ ಯಾವ ಮಾತ್ನಲ್ಲಿ ಕೂಳಿಕ್ಕಲಿ?’ ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಅರ್ಜಿ ಅಂಗೀಕೃತವಾಯಿತು.

ಆ ತರಗತಿಯಲ್ಲಿ ಕನ್ನಡಕ್ಕೆ ಹನ್ನೊಂದು ಮಂದಿಯಿದ್ದರು. ಹತ್ತು ಮಂದಿ ಉಳಿದರು. ಗಡಿನಾಡಿನಲ್ಲಿ ಈ ಲೆಕ್ಕ ಹುಡುಗಾಟದ್ದಲ್ಲ. ಶಾಲೆಯಲ್ಲಿ ನಲವತ್ತು, ಇಲ್ಲವೆ ತರಗತಿಯಲ್ಲಿ ಹತ್ತು ಮಕ್ಕಳಿದ್ದರೆ ಮಾತೃಭಾಷೆಯ ಅಧ್ಯಾಪಕನನ್ನು ಕೊಡಬೇಕೆಂದು 1949ರಲ್ಲಿಯೇ ಪ್ರಾಂತಗಳ ವಿದ್ಯಾಮಂತ್ರಿಗಳು ಪ್ರಾಥಮಿಕ ಶಾಲೆಗಳಿಗೆ ನಿಯಮ ಮಾಡಿದರು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಪ್ರೌಢಶಾಲೆಯ ಲೆಕ್ಕ ಬೇರೆಯಾದರೂ ತಲೆಯೆಣಿಕೆ ತಪ್ಪಿದ್ದಲ್ಲ. 2006ರ ಶಾಸನವು ಒಂದನೆಯ ತರಗತಿಯಿಂದ ಮೇಲಕ್ಕೆ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದಂದಿನಿಂದ ಮಗುವಿನ ಹೊರೆ ಹೆಚ್ಚಿದೆ. ತಮಿಳನ್ನು ಕಲಿಯಬಾರದೆಂದು ನಾವು ಹೇಳುವವರಲ್ಲ. ಈ ನೆಲದಲ್ಲಿ ಬಾಳುವವನಿಗೆ ಅದು ಬೇಕೇ ಬೇಕು. ಆದರೆ ಹೊರೆ ಹೆಚ್ಚಿದಾಗ ಮಗು ಯಾವುದನ್ನು ಕೆಳಗಿಳಿಸುವುದೆಂಬುದು, ಅದನ್ನು ಹೊರಿಸಿದವನ ಮೇಲಿನ ವಿಶ್ವಾಸವನ್ನು ಅವಲಂಬಿಸಿರುವುದು. ನಾವು ಸರಕಾರಕ್ಕೆ ಮನವಿಗಳನ್ನು ಬರೆಯುತ್ತಿದ್ದೆವು. ಅದೇ ಕೈಯಿಂದ ಒಂದು ಮಗುವನ್ನು ಹೊರಕ್ಕೆ ತಳ್ಳಿದೆವು.

ಇನ್ನೊಂದು ಮಾತು. ಕೂಳು ಬೈಗುಳವಾದದ್ದು ಈಚೆಗೆ. ಹಳಗನ್ನಡದಲ್ಲಿ ‘ಕೂೞ್’ ಎಂದರೆ ಅನ್ನ; ಇಕ್ಕುವುದೆಂದರೆ ಬಡಿಸುವುದು. ಇದು ನಮಗೆ ತಿಳಿಯದ ಸಂಗತಿಯೆ? ಕೇಶಿರಾಜನು ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆಯುವಾಗ, ಬಳಕೆಯಿಂದ ಜಾರುತ್ತಿದ್ದ ೞಕಾರವನ್ನು ಕಾಪಾಡುವುದಕ್ಕೆಂದು ಅದುಳ್ಳ ಶಬ್ದಗಳನ್ನು ಹೆಕ್ಕಿ ಹೇಳಿರುವನು. ಪರೀಕ್ಷೆಗಾಗಿ ಅದನ್ನೆಲ್ಲ ಉರುಹೊಡೆದವರು ನಾವು. ಪುಸ್ತಕದಲ್ಲಿ ಕಂಡರೆ ಕೈಮುಗಿಯುವ ಶಬ್ದವನ್ನು ಹುಡುಗನ ಬಾಯಲ್ಲಿ ಕೇಳಿದಾಗ ಗುರುತಿಸಲಿಲ್ಲ.

ಮರುವಾರ ತಮಿಳು ಅಧ್ಯಾಪಕರ ಅನುಮತಿಯನ್ನು ಪಡೆದು ಅವರ ತರಗತಿಗೆ ಹೋಗಿ, ಎಲ್ಲರೆದುರಿಗೆ, ‘ತಪ್ಪು ನಿನ್ನದಲ್ಲ, ನಮ್ಮದು’ ಎಂದು ಆ ಹುಡುಗನಿಗೆ ಹೇಳಿದೆವು. ಅವನು ತಲೆಯೆತ್ತಲಿಲ್ಲ. ಕತೆಗಳಲ್ಲಾದರೆ ಆ ಕ್ಷಣವೇ ಕಣ್ಣೀರು ಹರಿದು ಗುರುಶಿಷ್ಯರು ಒಂದಾಗುವರು. ನಮ್ಮ ಶಾಲೆಯಲ್ಲಿ ಗಂಟೆ ಹೊಡೆಯಿತು, ಹುಡುಗರು ಆಟಕ್ಕೆ ಓಡಿದರು.

ಆ ತಮಿಳು ಅಧ್ಯಾಪಕರ ವಿಷಯವನ್ನೂ ಹೇಳಬೇಕು. ಅವರಿಗೆ ಬರುತ್ತಿದ್ದ ಕನ್ನಡ ಹತ್ತು ವಾಕ್ಯಗಳಷ್ಟು. ಅದರಲ್ಲಿ ಆರು ತಪ್ಪು. ಆದರೂ ಕನ್ನಡದ ಮನೆಯ ಮಕ್ಕಳು ಕಂಡರೆ ಸಾಕು, ‘ಊಟ ಆಯ್ತಾ? ಅಪ್ಪ ಊರಿಂದ ಬಂದಾನಾ?’ ಎಂದು ಕೇಳುವರು. ಮಕ್ಕಳು ನಕ್ಕು ತಿದ್ದುವರು. ಅವರು ಮತ್ತೆ ಹೇಳುವರು. ಜ್ವರ ಬಂದ ಮಗುವೂ, ಹಣ ಕಳೆದುಕೊಂಡ ಮಗುವೂ ಅವರ ಬಳಿಗೇ ಹೋಗುತ್ತಿತ್ತು. ನಮ್ಮ ಶುದ್ಧ ಕನ್ನಡದ ಬಳಿಗಲ್ಲ. ನಮಗೆ ಕೊಂಚ ಹೊಟ್ಟೆಕಿಚ್ಚಾದುದೂ ಉಂಟು.

ಅವರನ್ನು ನೋಡಿಯೇ ನಾವು ಪಾಠದ ಕ್ರಮವನ್ನು ಬದಲಿಸಿದೆವು. ಹಳಗನ್ನಡವೆಂದರೆ ಮಕ್ಕಳು ಹೆದರುವರು. ಒಂದು ದಿನ ಪುಸ್ತಕವನ್ನು ತೆಗೆಯದೆ, ‘ಮೆಟ್ಟೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸು ಗಡಿಯಲ್ಲಿ ಯಾವ ಹೊಳೆಯನ್ನು ದಾಟುವುದು?’ ಎಂದು ಕೇಳಿದೆವು. ‘ಪಾಲಾರು’ ಎಂದರು. ತಮಿಳಿನಲ್ಲಿ ಪಾಲೆಂದರೇನು? ‘ಹಾಲು.’ ಪುಲಿ? ‘ಹುಲಿ.’ ಪಲ್? ‘ಹಲ್ಲು.’ ಪೂ? ‘ಹೂ.’ ಕರಿಹಲಗೆ ತುಂಬಿತು. ಪಾಲ್, ಪುಲಿ, ಪಲ್, ಪೂ ಇವೆಲ್ಲ ಹಳಗನ್ನಡದ ಮಾತುಗಳೂ ಹೌದು, ನಡುಗನ್ನಡದ ಹೊತ್ತಿಗೆ ಪಕಾರವು ಹಕಾರವಾಯಿತು ಎಂದೊಡನೆ, ವ್ಯಾಕರಣದಲ್ಲಿ ಎಂದೂ ಕಾಣದ ಬೆಳಕು ಅವರ ಮುಖದಲ್ಲಿ ಕಂಡಿತು. ಬೆಂಗಳೂರಿನ ಮಗುವಿಗೆ ಸತ್ತ ಭಾಷೆಯಾದುದನ್ನು ಇವರು ದಿನವೂ ಸಂತೆಯಲ್ಲಿ ಕೇಳುತ್ತಿರುವರು!

ಮುಂದೆ ೞಕಾರದ ಪಾಠ. ಮಳೆಗೆ ಮೞೆ, ಕೋಳಿಗೆ ಕೋೞಿ, ಏಳಕ್ಕೆ ಏೞ್ ಎಂದು ಬರೆದು ಉಚ್ಚರಿಸಿದೆವು. ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಆಗ ಬಾಗಿಲ ಬಳಿಯಿಂದ, ‘ಹಂಗಲ್ಲ ಸಾರ್’ ಎಂದು ಧ್ವನಿ ಬಂದಿತು. ಅವನೇ. ಬಿಡುವಿನ ಅವಧಿಯಲ್ಲಿ ಬಂದು ಹೊರಗೆ ನಿಂತಿದ್ದನು. ‘ನಾಲಗೆ ಹಿಂದಕ್ಕೆ ಮಡಿಸ್ಬೇಕು, ತಾಗಿಸ್ಬಾರದು’ ಎಂದು ತಮಿಳಿನ ಆ ಅಕ್ಷರವನ್ನು ತಪ್ಪಿಲ್ಲದೆ ನುಡಿದು ತೋರಿಸಿದನು. ನಾವು ಪ್ರಯತ್ನಿಸಿದೆವು, ಬರಲಿಲ್ಲ. ಮತ್ತೆ ಪ್ರಯತ್ನಿಸಿದೆವು. ತರಗತಿಯೆಲ್ಲ ನಕ್ಕಿತು, ಅವನೂ ನಕ್ಕನು. ‘ಹಾಗಾದರೆ ಕೂೞ್ ಎಂದು ನೀನೇ ಹೇಳಿಕೊಡು’ ಎಂದೆವು. ಹೇಳಿಕೊಟ್ಟನು.

ಆ ವರ್ಷ ಅವನು ಕನ್ನಡ ವಿಭಾಗಕ್ಕೆ ಹಿಂದಿರುಗಲಿಲ್ಲ, ಹಿಂದಿರುಗುವಂತೆಯೂ ಇರಲಿಲ್ಲ. ಆದರೆ ವಾರಕ್ಕೊಮ್ಮೆ ಬಾಗಿಲಿನಿಂದ ಒಳಕ್ಕೆ ಬಂದು ಕುಳಿತುಕೊಳ್ಳುತ್ತಿದ್ದನು. ಅವನಿಗೆ ಬೇಕಾದ ಪಂಚಾಂಗವೊ ಪುಸ್ತಕವೊ ಇದ್ದರೆ ಕೇಳಿ ಒಯ್ಯುತ್ತಿದ್ದನು.

ಇಂಥದು ನಮ್ಮ ಸೀಮೆಯಲ್ಲಿ ಮಾತ್ರ ನಡೆಯುವುದಲ್ಲ. ಪಂಜೆ ಮಂಗೇಶರಾಯರ (1874–1937) ಮನೆಮಾತು ಕೊಂಕಣಿ. ಅವರು ಕನ್ನಡ ಪಂಡಿತರೂ ಶಾಲಾ ತಪಾಸಣಾಧಿಕಾರಿಗಳೂ ಆಗಿ ದುಡಿದ ದಕ್ಷಿಣ ಕನ್ನಡವೂ ನಮ್ಮ ಸೇಲಮ್ಮೂ ಆಗ ಒಂದೇ ಮದರಾಸು ಪ್ರಾಂತ. ಇನ್‌ಸ್ಪೆಕ್ಟರರೆಂದರೆ ಅಧ್ಯಾಪಕರೇ ನಡುಗುತ್ತಿದ್ದ ಕಾಲದಲ್ಲಿ ಆ ಹುದ್ದೆಯಲ್ಲಿದ್ದವರು ಮಕ್ಕಳಿಗೆ ಹಾಡನ್ನೂ ಕತೆಯನ್ನೂ ಬರೆದುಕೊಟ್ಟರು. ಕೊಳ್ಳೇಗಾಲ ಮೈಸೂರಿಗೆ ಸೇರಿದ ದಿನವೇ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯ ಪೆರಡಾಲದ ಶಾಲೆಯಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಬಹುಕಾಲ ಕನ್ನಡ ಕಲಿಸಿದರು. ಅವರ ಮನೆಮಾತು ತುಳು. ಮನೆಯ ನುಡಿಯೇ ಬೇರೆ, ಪುಸ್ತಕದ ನುಡಿಯೇ ಬೇರೆ ಎಂಬುದನ್ನು ಇವರಿಬ್ಬರೂ ಬಾಲ್ಯದಲ್ಲಿ ತಾವೇ ಅನುಭವಿಸಿದವರು. ಕನ್ನಡವೇ ಮನೆಮಾತಾದ ನಮ್ಮಂಥವರಿಗೆ ಆ ಪಾಠ ತಡವಾಗಿ ದೊರೆಯುವುದು.

ತಿದ್ದಲೇಬಾರದೆಂದು ನಮ್ಮ ಅಭಿಪ್ರಾಯವಲ್ಲ. ಪರೀಕ್ಷೆಯ ಉತ್ತರದಲ್ಲಿ ಗ್ರಂಥಭಾಷೆಯೇ ಬೇಕು. ಅದನ್ನು ಕಲಿಸದಿದ್ದರೆ ನಮ್ಮ ಸಂಬಳ ದಂಡ. ಈಗ ನಾವು ಮನೆಯ ಮಾತನ್ನು ಹೊಡೆದುಹಾಕದೆ, ಪಕ್ಕದಲ್ಲಿ ಪುಸ್ತಕದ ಮಾತನ್ನು ಬರೆಯುವೆವು. ಕೆಂಪು ಮಸಿಯನ್ನು ಬಿಟ್ಟಿರುವೆವು. ಇದು ಅಲ್ಪ ಸಂಗತಿಯೆಂದು ಹಿರಿಯ ಅಧ್ಯಾಪಕರು ನಗಬಹುದು.

ಕಳೆದ ಜೂನ್ ತಿಂಗಳಲ್ಲಿ ಆ ಹುಡುಗನು ಬಂದಿದ್ದನು. ಈಗ ಮೀಸೆ ಬಂದ ತರುಣ, ಮೆಟ್ಟೂರಿನಲ್ಲಿ ಕೆಲಸ. ಜೊತೆಗೆ ತಂಗಿಯನ್ನು ಕರೆತಂದಿದ್ದನು. ಕನ್ನಡ ವಿಭಾಗದ ಅರ್ಜಿಯನ್ನು ತಾನೇ ತುಂಬಿ, ಚೀಲದಿಂದ ಹಳೆಯ ನೋಟುಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟನು. ಅವನ ಅಜ್ಜಿ ಆಡುವ ಮಾತುಗಳು, ಎದುರಿಗೆ ಅರ್ಥ. ಕೆಲವು ಕನ್ನಡ ಲಿಪಿಯಲ್ಲಿ, ಕೆಲವು ತಮಿಳಿನಲ್ಲಿ. ‘ಅಜ್ಜಿ ಇನ್ನೂ ಗಟ್ಟಿಮುಟ್ಟಾಗವ್ಳೆ ಸಾರ್. ಉಳಿದದ್ದನ್ನ ಇವಳ ಕೈಲಿ ಬರೆಸಿ’ ಎಂದನು.

ಸಂಘದವರಲ್ಲಿ ನಮ್ಮದೊಂದು ಪ್ರಾರ್ಥನೆ. ಬಹುಮಾನಕ್ಕೆಂದು ವರ್ಷವೂ ಲೋಟ ತಟ್ಟೆಗಳನ್ನು ಹಂಚುವಿರಿ. ಈ ಸಲ ಗೆರೆ ಹಾಕಿದ ನೋಟುಪುಸ್ತಕಗಳನ್ನು ಕೊಡಿಸಿರಿ. ಮಲೆಯ ಸುತ್ತಣ ಹಳ್ಳಿಗಳ ಮಕ್ಕಳು ತಮ್ಮ ಅಜ್ಜಿಯರ ಮಾತುಗಳನ್ನು ಬರೆದು ತರಲಿ. ನೂರು ಪುಸ್ತಕ ಸಾಕು. ಮೊದಲನೆಯದು ಈಗಾಗಲೆ ಅರ್ಧ ತುಂಬಿ ನಮ್ಮ ಮೇಜಿನ ಮೇಲಿದೆ.