ಪರದೇಶದ ಕೆಲಸಕ್ಕೆ ಹೊರಡುವ ಮುನ್ನ

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ಸಾಣಾಪುರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂತಹ ಸಭೆಗಳಲ್ಲಿ ಡಾಕ್ಟರ್, ಎಂಜಿನಿಯರ್, ಐ.ಎ.ಎಸ್. ಆಗಿರಿ ಎಂದು ಮಕ್ಕಳಿಗೆ ಹೇಳುವುದು ವಾಡಿಕೆ. ಹೇಳಬೇಕಾದದ್ದೇ. ಆದರೆ ನಾನು ಇಂದು ಅವರ ಬಗ್ಗೆ ಮಾತನಾಡುವುದಿಲ್ಲ. ನಮ್ಮ ಮನೆಗಳಲ್ಲಿ ವೈರಿಂಗ್ ಮಾಡುವ, ನಳ ಜೋಡಿಸುವ, ವೆಲ್ಡಿಂಗ್ ಮಾಡುವ, ಎ.ಸಿ. ರಿಪೇರಿ ಮಾಡುವ ಹುಡುಗರ ಬಗ್ಗೆ ಮಾತನಾಡುತ್ತೇನೆ. ಸೌದಿಗೋ ದುಬೈಗೋ ಹೋಗಬೇಕೆಂದು ಪಾಸ್‌ಪೋರ್ಟ್ ಮಾಡಿಸಿಕೊಳ್ಳುವವರಲ್ಲಿ ಇವರೇ ಹೆಚ್ಚು. ಇವರಿಗೆ ದಾರಿ ಹೇಳುವವರು ಮಾತ್ರ ಕಡಿಮೆ.

ಮೊದಲು ನನ್ನ ತಪ್ಪೊಂದನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

2016ರಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ತಂದೆಯೊಂದಿಗೆ ಬಂದು ಟಿ.ಸಿ. ಕೇಳಿದ. ಅವನ ಮಾಮು ಒಬ್ಬರು ವೈರಿಂಗ್ ಮಿಸ್ತ್ರಿ, ಅವರ ಕೈಕೆಳಗೆ ಕೆಲಸ ಕಲಿಯುತ್ತಾನೆ ಎಂದರು. ಮುಖ್ಯೋಪಾಧ್ಯಾಯರ ಸಹಿಗೆ ಕಳಿಸುವ ಟಿ.ಸಿ.ಯನ್ನು ನಾನೇ ಬರೆದೆ. ಕಾರಣದ ಕಾಲಮಿನಲ್ಲಿ 'ಪಾಲಕರ ಇಚ್ಛೆಯ ಮೇರೆಗೆ' ಎಂದು ತುಂಬಿದೆ. ಐದು ನಿಮಿಷದ ಕೆಲಸ. ಇನ್ನೊಂದು ವರ್ಷ ತಾಳಿದರೆ ಹತ್ತನೆಯದು ಮುಗಿಯುತ್ತದಲ್ಲಾ ಎಂದು ಒಂದು ಮಾತು ಹೇಳಲಿಲ್ಲ.

ಹುಡುಗ ಜಾಣ. ಎರಡು ವರ್ಷಗಳಲ್ಲಿ ಒಳ್ಳೆಯ ಕೆಲಸಗಾರನಾದ. ವಿರುಪಾಪುರ ಗಡ್ಡೆಯ ರೆಸಾರ್ಟುಗಳಲ್ಲಿ ಅವನಿಗೆ ಕೈತುಂಬ ಕೆಲಸವಿತ್ತು. 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಆ ಕಟ್ಟಡಗಳನ್ನು ತೆರವುಗೊಳಿಸಿದ್ದು ತಮಗೆಲ್ಲ ಗೊತ್ತು. ಅದರ ಬೆನ್ನಿಗೇ ಕೊರೊನಾ ಬಂತು. ಇದ್ದ ಕೆಲಸವೆಲ್ಲ ಹೋಯಿತು. 2022ರಲ್ಲಿ ಒಬ್ಬ ಮಧ್ಯವರ್ತಿಗೆ ಒಂದು ಲಕ್ಷಕ್ಕೂ ಮೇಲೆ ಹಣ ಕೊಟ್ಟು ಸೌದಿಗೆ ಹೋದ. ಹಣ ತಾಯಿಯ ಬಳೆಯದು. ರಸೀದಿ ಇಲ್ಲ.

ಎಲೆಕ್ಟ್ರಿಷಿಯನ್ ಕೆಲಸ ಎಂದೇ ಮಾತಾಗಿತ್ತು. ಅಲ್ಲಿ ಹೋದ ಮೇಲೆ ಅವನು ಮಾಡಿದ್ದೂ ಎಲೆಕ್ಟ್ರಿಷಿಯನ್ ಕೆಲಸವೇ. ಆದರೆ ಸಂಬಳ ಹೆಲ್ಪರಿನದು. ಕೇಳಲು ಹೋದರೆ ಮುನಶಿ ಕಾಗದ ತೋರಿಸಿದ. ವೀಸಾದಲ್ಲಿ ಹುದ್ದೆಯ ಮುಂದೆ ಅರಬ್ಬಿಯಲ್ಲಿ 'ಆಮಿಲ್' ಎಂದಿತ್ತು. ಆಮಿಲ್ ಎಂದರೆ ಕೂಲಿ ಕಾರ್ಮಿಕ. ಎಲೆಕ್ಟ್ರಿಷಿಯನ್‌ಗೆ ಅರಬ್ಬಿಯಲ್ಲಿ 'ಕಹ್ರಬಾಯಿ' ಎನ್ನುತ್ತಾರೆ. ಆ ಶಬ್ದ ಅವನ ಯಾವ ಕಾಗದದಲ್ಲೂ ಇರಲಿಲ್ಲ. ಸೌದಿಯ ಕಾರ್ಮಿಕ ಕಾನೂನಿನ ಪ್ರಕಾರ ಪರವಾನಗಿಯಲ್ಲಿ ಬರೆದ ಕಸುಬನ್ನು ಬಿಟ್ಟು ಬೇರೆ ಕಸುಬು ಮಾಡುವಂತಿಲ್ಲ. ಹೀಗಾಗಿ ದೂರು ಕೊಡಲು ಹೋದರೆ ತಾನೇ ಸಿಕ್ಕಿಬೀಳುವೆನೆಂಬ ಭಯ. ಎರಡು ವರ್ಷ ಬಾಯಿ ಮುಚ್ಚಿಕೊಂಡು ದುಡಿದು 2024ರಲ್ಲಿ ಹಿಂದಿರುಗಿದ. ಶಾಲೆಗೆ ದಾಖಲೆ ಕೇಳಲು ಬಂದವನು ನನ್ನ ಮುಂದೆ ನಿಂತು ಹೇಳಿದ ಮಾತು ಇದು: "ಸರ್, ಕೈಯಾಗ ಕೆಲಸ ಐತ್ರೀ, ಕಾಗದದಾಗ ಇಲ್ರೀ."

ಪ್ರಿಯ ವಿದ್ಯಾರ್ಥಿಗಳೇ, ನಾನು ನಿಮಗೆ ಹೇಳಬೇಕಾದ ಮಾತೂ ಅಷ್ಟೇ. ಉರ್ದುವಿನಲ್ಲಿ ನಾವು ಹುನರ್ ಎನ್ನುತ್ತೇವೆ. ಊರಲ್ಲಿದ್ದಾಗ ನಿಮ್ಮ ಹುನರಿಗೆ ಕಾಗದ ಬೇಕಿಲ್ಲ. ಇಂಥವನ ಮಗ, ಕೆಲಸ ಛಲೋ ಮಾಡ್ತಾನ ಎಂದು ನಾಲ್ಕು ಮಂದಿ ಹೇಳಿದರೆ ಸಾಕು. ಸಮುದ್ರ ದಾಟಿದ ಮೇಲೆ ನಿಮ್ಮ ಪರವಾಗಿ ಹೇಳುವ ಆ ನಾಲ್ಕು ಮಂದಿ ಇರುವುದಿಲ್ಲ. ಅಲ್ಲಿ ನಿಮ್ಮ ಪರವಾಗಿ ಮಾತನಾಡುವುದು ಕಾಗದವೊಂದೇ. ಆ ಕಾಗದ ಸಿದ್ಧವಾಗುವುದು ದುಬೈಯಲ್ಲಿ ಅಲ್ಲ, ಇಲ್ಲಿ, ಈ ಶಾಲೆಯ ಕೋಣೆಯಲ್ಲಿ.

ಹಾಗಾದರೆ ಏನು ಮಾಡಬೇಕು? ಐದು ವಿಷಯ ಹೇಳುತ್ತೇನೆ.

ಮೊದಲನೆಯದು ಹೆಸರು ಮತ್ತು ಹುಟ್ಟಿದ ದಿನಾಂಕ. ನಮ್ಮ ಶಾಲೆಗಳ ದಾಖಲಾತಿ ಪುಸ್ತಕ ತೆಗೆದು ನೋಡಿ. ಎಷ್ಟೊಂದು ಮಕ್ಕಳು ಜೂನ್ 1ರಂದೇ ಹುಟ್ಟಿದ್ದಾರೆ! ದಿನಾಂಕ ಗೊತ್ತಿಲ್ಲದ ತಂದೆತಾಯಿ, ಅವಸರದಲ್ಲಿದ್ದ ಮಾಸ್ತರು ಸೇರಿ ಮಾಡಿದ ಕೆಲಸವಿದು. ಹೆಸರಿನ ಗತಿಯೂ ಹಾಗೆಯೇ. ಒಂದೇ ಹುಡುಗ ಶಾಲೆಯಲ್ಲಿ 'ಮಹಮ್ಮದ', ಆಧಾರಿನಲ್ಲಿ 'ಮೊಹಮ್ಮದ್', ಪಡಿತರ ಚೀಟಿಯಲ್ಲಿ ಬರೀ 'ಎಂ.ಡಿ.' ತಂದೆಯ ಹೆಸರು ಒಂದು ಕಡೆ 'ಸಾಬ' ಸೇರಿ, ಒಂದು ಕಡೆ 'ಸಾಬ' ಬಿಟ್ಟು. ಊರಲ್ಲಿ ಇದರಿಂದ ತೊಂದರೆ ಇಲ್ಲ. ಪರದೇಶಕ್ಕೆ ಪ್ರಮಾಣಪತ್ರ ದೃಢೀಕರಣಕ್ಕೆ ಕಳಿಸಿದಾಗ ಪಾಸ್‌ಪೋರ್ಟಿನ ಒಂದಕ್ಷರಕ್ಕೂ ಅಂಕಪಟ್ಟಿಯ ಒಂದಕ್ಷರಕ್ಕೂ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ. ಆದ್ದರಿಂದ ಮಗು ಎಂಟನೆಯ ತರಗತಿಯಲ್ಲಿರುವಾಗಲೇ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ಮುಂದಿಟ್ಟುಕೊಂಡು ಒಂದೊಂದೇ ಅಕ್ಷರ ಹೋಲಿಸಿ ನೋಡಿ.

ಎರಡನೆಯದು ಹತ್ತನೆಯ ತರಗತಿ. ಹತ್ತು ಪಾಸಾದವನಿಗೂ ಆಗದವನಿಗೂ ಪಾಸ್‌ಪೋರ್ಟಿನಲ್ಲೇ ಭೇದವಿದೆ. ಪಾಸಾಗದವನ ಪಾಸ್‌ಪೋರ್ಟು ಸಾಮಾನ್ಯವಾಗಿ ಇ.ಸಿ.ಆರ್. ವರ್ಗಕ್ಕೆ ಸೇರುತ್ತದೆ. ಅಂತಹವರು ಸೌದಿ, ಯು.ಎ.ಇ., ಕುವೈತ್, ಕತಾರ್, ಒಮಾನ್, ಬಹರೇನ್, ಮಲೇಷಿಯಾ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದಿಂದ ವಲಸೆ ಅನುಮತಿ ಪಡೆಯಬೇಕು. 1983ರ ವಲಸೆ ಕಾಯ್ದೆ ಇದನ್ನು ತಂದದ್ದು ಓದಿಲ್ಲದವರ ರಕ್ಷಣೆಗಾಗಿ. ಆದರೆ ಈ ಅನುಮತಿಯನ್ನು ತಪ್ಪಿಸುತ್ತೇನೆಂದು ವಿಸಿಟ್ ವೀಸಾದಲ್ಲಿ ಕಳಿಸುವ ಮಧ್ಯವರ್ತಿಗಳಿದ್ದಾರೆ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಪರಾಧ. ಸಿಕ್ಕಿಬಿದ್ದರೆ ಜೈಲು ಸೇರುವವನು ಮಧ್ಯವರ್ತಿಯಲ್ಲ, ಹುಡುಗ. ಹತ್ತು ಪಾಸಾದವನಿಗೆ ಈ ಅನುಮತಿಯೇ ಬೇಕಿಲ್ಲ. ಶಾಲೆ ಬಿಟ್ಟವರು ಎದೆಗುಂದಬೇಡಿ. ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಬರೆಯಲು ಅವಕಾಶವಿದೆ.

ಮೂರನೆಯದು ಕಸುಬಿನ ಪ್ರಮಾಣಪತ್ರ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್, ಫ್ರಿಜ್ ಮತ್ತು ಎ.ಸಿ. ಟೆಕ್ನಿಷಿಯನ್ ಎರಡು ವರ್ಷದ ಕೋರ್ಸುಗಳು. ವೆಲ್ಡರ್ ಮತ್ತು ಪ್ಲಂಬರ್ ಒಂದೇ ವರ್ಷದವು. ವೆಲ್ಡರ್, ವೈರ್‌ಮನ್‌ನಂತಹ ಕೆಲವಕ್ಕೆ ಎಂಟನೆಯದು ಪಾಸಾಗಿದ್ದರೂ ಪ್ರವೇಶವಿದೆ. ಕೊನೆಗೆ ಸಿಗುವ ರಾಷ್ಟ್ರೀಯ ಕಸುಬು ಪ್ರಮಾಣಪತ್ರಕ್ಕೆ ಹೊರದೇಶಗಳಲ್ಲೂ ಬೆಲೆಯಿದೆ. ಮಿಸ್ತ್ರಿಗಳ ಕೈಕೆಳಗೆ ಕಲಿತವರಿಗೂ ದಾರಿಯಿದೆ. ಈಗಾಗಲೇ ಕಲಿತ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ 'ಪೂರ್ವ ಕಲಿಕೆಯ ಮಾನ್ಯತೆ' ಎಂಬ ವ್ಯವಸ್ಥೆಯನ್ನು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ತರಲಾಯಿತು.

ಇದು ಈಗ ಅನಿವಾರ್ಯವೂ ಆಗುತ್ತಿದೆ. ಸೌದಿ ಸರ್ಕಾರ 2021ರಲ್ಲಿ ಕೌಶಲ ಪರಿಶೀಲನಾ ಕಾರ್ಯಕ್ರಮ ಆರಂಭಿಸಿತು. ಭಾರತದಲ್ಲಿ ಮೊದಲು ಅದರ ವ್ಯಾಪ್ತಿಗೆ ಬಂದವರು ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಎ.ಸಿ. ಟೆಕ್ನಿಷಿಯನ್ ಮತ್ತು ಆಟೊ ಎಲೆಕ್ಟ್ರಿಷಿಯನ್. ಈ ಹುದ್ದೆಗಳ ವೀಸಾ ಬೇಕೆಂದರೆ ಇಲ್ಲಿಯೇ ಒಂದು ಲಿಖಿತ ಪರೀಕ್ಷೆ, ಒಂದು ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ಕೆಲವರು ಇದನ್ನು ತೊಡಕು ಎನ್ನುತ್ತಾರೆ. ನಾನು ಅವಕಾಶ ಎನ್ನುತ್ತೇನೆ. ಪರೀಕ್ಷೆ ಪಾಸಾಗಿ ಹೋದವನ ಕಾಗದದಲ್ಲಿ ಅವನ ಕಸುಬಿನ ಹೆಸರಿರುತ್ತದೆ. ಜರ್ಮನಿಯಂತಹ ದೇಶದಲ್ಲೂ 2012ರಿಂದ ಜಾರಿಯಲ್ಲಿರುವ ಕಾನೂನಿನಂತೆ ಹೊರಗಿನವರ ಪ್ರಮಾಣಪತ್ರವನ್ನು ತಮ್ಮ ದೇಶದ ತರಬೇತಿಯೊಂದಿಗೆ ಹೋಲಿಸಿ ನೋಡಿ ಮಾನ್ಯತೆ ಕೊಡುತ್ತಾರೆ. ಹೋಲಿಸಲು ನಿಮ್ಮ ಕೈಯಲ್ಲಿ ಪ್ರಮಾಣಪತ್ರವೇ ಇಲ್ಲದಿದ್ದರೆ?

ನಾಲ್ಕನೆಯದು ಓದಲು ಬರಬೇಕು. ಇದು ಉರ್ದು ಮಾಸ್ತರನ ಸ್ವಾರ್ಥದ ಮಾತು ಎಂದು ನಗಬೇಡಿ. ನಮ್ಮ ಮನೆಗಳಲ್ಲಿ ಉರ್ದು ಮಾತನಾಡುತ್ತಾರೆ, ಅಕ್ಷರ ಮಾತ್ರ ಬಾರದು. ಯು.ಎ.ಇ. ಸರ್ಕಾರ 2016ರ ಜನವರಿಯಲ್ಲಿ ಒಂದು ನಿಯಮ ತಂದಿತು. ಕೆಲಸಗಾರನಿಗೆ ಕೊಡುವ ನೌಕರಿ ಪತ್ರ ಅರಬ್ಬಿ, ಇಂಗ್ಲಿಷ್ ಜೊತೆಗೆ ಅವನಿಗೆ ತಿಳಿಯುವ ಮೂರನೆಯ ಭಾಷೆಯಲ್ಲೂ ಇರಬೇಕು. ಅದಕ್ಕಾಗಿ ಸಿದ್ಧಪಡಿಸಿದ 11 ಭಾಷೆಗಳಲ್ಲಿ ಉರ್ದು ಇತ್ತು, ಹಿಂದಿ, ತಮಿಳು, ಮಲೆಯಾಳ ಇದ್ದವು, ಕನ್ನಡ ಇರಲಿಲ್ಲ. ಉರ್ದು ಅಕ್ಷರ ಬಲ್ಲವನು ತನ್ನ ಸಂಬಳ, ರಜೆ, ಹುದ್ದೆ ಎಲ್ಲವನ್ನೂ ತಾನೇ ಓದಿಕೊಳ್ಳಬಹುದು. ಅರಬ್ಬಿ ಲಿಪಿಗೂ ಉರ್ದು ಲಿಪಿಗೂ ಹತ್ತಿರದ ನಂಟು. ಆ ಹುಡುಗ ನನ್ನ ತರಗತಿಯಲ್ಲಿ ಅಲಿಫ್, ಬೇ ಸರಿಯಾಗಿ ಕಲಿತಿದ್ದರೆ ಸಹಿ ಹಾಕುವ ಮೊದಲೇ 'ಆಮಿಲ್' ಎಂಬುದನ್ನು ಓದಿ, ಇದೇನು ಎಂದು ಕೇಳುತ್ತಿದ್ದ. ಕಲಿಸದೆ ಬಿಟ್ಟವನು ನಾನು. ಜೊತೆಗೆ ಕನ್ನಡವನ್ನೂ ಬಿಡಬೇಡಿ. ಐ.ಟಿ.ಐ. ಪಾಠ, ಅರ್ಜಿ, ಬ್ಯಾಂಕು, ಕಚೇರಿ ಎಲ್ಲಕ್ಕೂ ಇಲ್ಲಿ ಕನ್ನಡವೇ ಬೇಕು.

ಐದನೆಯದು ಹಣ ಮತ್ತು ಏಜೆಂಟರು. ಭಾರತ ಸರ್ಕಾರದಲ್ಲಿ ನೋಂದಣಿಯಾದ ಏಜೆಂಟರ ಪಟ್ಟಿ 'ಇ-ಮೈಗ್ರೇಟ್' ಜಾಲತಾಣದಲ್ಲಿದೆ. ಹಣ ಕೊಡುವ ಮೊದಲು ಆ ಪಟ್ಟಿಯಲ್ಲಿ ಹೆಸರು ನೋಡಿ. ನಿಯಮದ ಪ್ರಕಾರ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಅದಕ್ಕೆ ರಸೀದಿ ಕೊಡಲೇಬೇಕು. 'ಆಜಾದ್ ವೀಸಾ' ಎಂಬ ಮಾತನ್ನು ನಂಬಬೇಡಿ. ಒಬ್ಬನ ಹೆಸರಿನ ವೀಸಾ ಪಡೆದು ಬೇಕಾದಲ್ಲಿ ದುಡಿಯಿರಿ ಎನ್ನುವ ಆ ಪದ್ಧತಿಗೆ ಅಲ್ಲಿಯ ಕಾನೂನಿನಲ್ಲಿ ಜಾಗವಿಲ್ಲ. ಇ.ಸಿ.ಆರ್. ಪಾಸ್‌ಪೋರ್ಟಿನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಿದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತಿನಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆ. ಏನೇ ಸಂಶಯವಿದ್ದರೂ ಸರ್ಕಾರದ ಉಚಿತ ಸಹಾಯವಾಣಿ 1800 11 3090ಕ್ಕೆ ಕೇಳಿ. ಹೊರಡುವ ಮುನ್ನ ಪಾಸ್‌ಪೋರ್ಟು, ವೀಸಾ, ಕರಾರು ಪತ್ರದ ಒಂದೊಂದು ಪ್ರತಿಯನ್ನು ತಾಯಿಯ ಕೈಯಲ್ಲಿ ಕೊಟ್ಟು ಹೋಗಿ.

ಹಿರಿಯರೇ, ಕೈಕೆಲಸ ಕೀಳು ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ನಮ್ಮ ಭತ್ತದ ಗದ್ದೆಗಳ ಗತಿಯೇನೆಂದು ಎಲ್ಲರೂ ಹೆದರಿದ್ದೆವು. ಎಂಜಿನಿಯರ್ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ನೀರು ಧುಮ್ಮಿಕ್ಕುತ್ತಿರುವಾಗಲೇ ಸ್ಟಾಪ್‌ಲಾಗ್ ಗೇಟುಗಳನ್ನು ಇಳಿಸಿ ನೀರು ನಿಲ್ಲಿಸಿದರು. ಆ ಗೇಟಿಗೆ ಬೆಸುಗೆ ಹಾಕಿದ, ಅದನ್ನು ಜಾಗಕ್ಕೆ ಕೂರಿಸಿದ ಕೈಗಳು ವೆಲ್ಡರುಗಳವು, ಫಿಟ್ಟರುಗಳವು. ಅವರ ಕೆಲಸ ಕೀಳೆಂದು ಆ ವಾರ ನಮ್ಮಲ್ಲಿ ಯಾರಿಗಾದರೂ ಅನಿಸಿತೇ?

ಆದ್ದರಿಂದ ಸಂಘಕ್ಕೆ ನನ್ನ ಎರಡು ವಿನಂತಿಗಳು. ಪಿ.ಯು.ಸಿ. ಮತ್ತು ಪದವಿಗೆ ಕೊಡುವ ಹಾಗೆಯೇ ಐ.ಟಿ.ಐ. ಸೇರುವ ಮಕ್ಕಳಿಗೂ ವಿದ್ಯಾರ್ಥಿವೇತನ ಕೊಡಿ. ಅಂತಹ ಮಗುವನ್ನೂ ಈ ವೇದಿಕೆಗೆ ಕರೆದು ಸನ್ಮಾನಿಸಿ. ಎರಡನೆಯದಕ್ಕೆ ಹಣವೇ ಬೇಕಿಲ್ಲ. ತಿಂಗಳಿಗೊಂದು ಭಾನುವಾರ ಇಬ್ಬರು ಸದಸ್ಯರು ಒಂದು ಮೇಜು ಹಾಕಿಕೊಂಡು ಕೂತು, ಮಕ್ಕಳ ದಾಖಲೆಗಳ ಹೆಸರು ತಾಳೆ ನೋಡಲಿ. ಪರದೇಶಕ್ಕೆ ಹೊರಟವರ ಕರಾರು ಪತ್ರ ಓದಿ ಹೇಳಲಿ. ಆ ಇಬ್ಬರಲ್ಲಿ ಒಬ್ಬನಾಗಿ ನನ್ನ ಹೆಸರು ಈಗಲೇ ಬರೆದುಕೊಳ್ಳಿ.

ನನ್ನ ಆ ವಿದ್ಯಾರ್ಥಿ ಏನಾದ ಎಂದು ತಾವು ಕೇಳಬಹುದು. ಖಾಸಗಿಯಾಗಿ ಎಸ್.ಎಸ್.ಎಲ್.ಸಿ.ಗೆ ಕೂತ. ಮೊದಲ ಸಲ ಗಣಿತದಲ್ಲಿ ಹೋಯಿತು, ಎರಡನೆಯ ಸಲ ಪಾಸಾದ. ಈಗ ಹಗಲು ಸಾಣಾಪುರ, ಆನೆಗೊಂದಿ ಕಡೆಯ ಹೋಂಸ್ಟೇಗಳಲ್ಲಿ ವೈರಿಂಗ್ ಮಾಡುತ್ತಾನೆ. ಸಂಜೆ ನನ್ನ ಮನೆಗೆ ಬಂದು ಉರ್ದು ಅಕ್ಷರ ತಿದ್ದುತ್ತಾನೆ, ಸೌದಿಯ ಪರೀಕ್ಷೆಗೆ ತಯಾರಿ ನಡೆಸಿದ್ದಾನೆ. ಇಂದಿನ ಸಭೆಗೆ ಬಾ ಎಂದಿದ್ದೆ. ಒಂದು ಕಡೆ ಕೆಲಸ ಹತ್ತಿದೆ, ಬಿಡಲಾಗುವುದಿಲ್ಲ ಎಂದ. ನನಗೆ ಬೇಸರವಾಗಲಿಲ್ಲ.

ಅವನ ನಂತರ ನಾನೊಂದು ನಿಯಮ ಮಾಡಿಕೊಂಡಿದ್ದೇನೆ. ಎಂಟು, ಒಂಬತ್ತನೆಯ ತರಗತಿಯ ಮಗು ಟಿ.ಸಿ. ಕೇಳಿದರೆ ಆ ಮಗುವಿನ ಮನೆಗೆ ಹೋಗಿ ಬರುವವರೆಗೂ ನಾನು ಪೆನ್ನು ಮುಟ್ಟುವುದಿಲ್ಲ. ಇಲ್ಲಿರುವ ಶಿಕ್ಷಕ ಬಂಧುಗಳೂ ಹಾಗೆಯೇ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.