ಬಿಗಿ, ಇರುಕು, ಟೈಟು

ನಟ್ಟು ಟೈಟು ಮಾಡು, ಅಂಗಿ ಟೈಟಾಯಿತು, ಈ ತಿಂಗಳು ದುಡ್ಡು ಸ್ವಲ್ಪ ಟೈಟು. ಈ ಇಂಗ್ಲಿಷ್ ಪದ ನಮ್ಮ ಮನೆಮಾತೇ ಆಗಿಬಿಟ್ಟಿದೆ. ಅದರ ಹುಟ್ಟು ಮಾತ್ರ ಬೇರೆ ಕಡೆಯದು. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಲ್ಲಿ ಸಂದಿಲ್ಲದ್ದು, ನೀರು ಸೋರದ್ದು ಎನ್ನಲು ಇದ್ದ ಮಾತಿಗೂ ಇದಕ್ಕೂ ನಂಟಿದೆ. ಜರ್ಮನಿನ 'ಡಿಖ್ಟ್' ಅದೇ ಬಳಗದ್ದು. ಎಳೆದು ಕಟ್ಟಿದ್ದು ಎಂಬ ಅರ್ಥ ಕೂಡಿಕೊಂಡದ್ದು ಆಮೇಲೆ. ನಮ್ಮ 'ಬಿಗಿ' ಹಾಗಲ್ಲ. ಅದು ಕ್ರಿಯಾಪದವೂ ಹೌದು, ಕಟ್ಟುವುದೇ ಅದರ ಅರ್ಥ. ಹುಲ್ಲಿನ ಹೊರೆಗೆ ಹಗ್ಗ ಸುತ್ತಿ, ಮೊಣಕಾಲೂರಿ ಜಗ್ಗಿ, ಗಂಟು ಹಾಕಿದರೆ ಅದು ಬಿಗಿದದ್ದು.

ತಮಿಳುನಾಡಿನ ಗಡಿಯ ಜವಳಗಿರಿ, ಡೆಂಕಣಿಕೋಟೆ, ಹೊಸೂರಿನ ಕಡೆ ಕನ್ನಡ, ತೆಲುಗು, ತಮಿಳು ಮೂರೂ ಅಕ್ಕಪಕ್ಕದಲ್ಲಿ ಕೇಳಿಸುತ್ತವೆ. ತೆಲುಗಿನಲ್ಲೂ ಬಿಗಿ ಬಿಗಿಯೇ. ತಮಿಳಿನ 'ಇರುಕ್ಕಂ' ನಮ್ಮ 'ಇರುಕು'ವಿನ ಒಡಹುಟ್ಟು. ಹಳಗನ್ನಡ ಅದನ್ನು ಶಕಟರೇಫವೆಂಬ ಹಳೆಯ ರಕಾರದಲ್ಲಿ ಬರೆಯುತ್ತಿತ್ತು, ಆ ಅಕ್ಷರವನ್ನು ತಮಿಳು ಇಂದಿಗೂ ಉಳಿಸಿಕೊಂಡಿದೆ. ಮೂಲ ಹುಡುಕಿ ಏನು ಫಲ, ಆಡುವವರ ಬಾಯಲ್ಲಿರುವುದೇ ಅರ್ಥವಲ್ಲವೇ ಎನ್ನುವವರಿದ್ದಾರೆ. ಆ ಮಾತು ಸರಿ. ಆದರೆ ಆಡುವವರ ಬಾಯಲ್ಲೇ ಇನ್ನೂ ಬಿಗಿಯಾದ ಗಂಟು ಬೇರೆ, ಇರುಕಾದ ಓಣಿ ಬೇರೆ, ಬಿಗುಮಾನದ ಮುಖ ಬೇರೆ. ಎಲ್ಲಕ್ಕೂ 'ಟೈಟು' ಒಂದೇ ಸಾಕೆಂದರೆ ಈ ವ್ಯತ್ಯಾಸಗಳು ಮಾತಿನಿಂದ ಜಾರಿಹೋಗುತ್ತವೆ. ಸ್ಪ್ಯಾನರಿನ ಜೊತೆ ಬಂದ ಪದ ಗ್ಯಾರೇಜಿನಲ್ಲಿ ಧಾರಾಳವಾಗಿ ಇರಲಿ, ಅದರ ಮೇಲೆ ಮುನಿಸು ಬೇಡ. ಇಂದು ಶಾಲೆಗೆ ಹೊರಟ ಮಗುವಿಗೆ ಮಾತ್ರ, ಶೂ ಲೇಸು ಬಿಗಿಯಾಗಿ ಕಟ್ಟಿಕೋ ಕಂದ ಎನ್ನಿ.